ಪದಚರ್ಚೆ: ಲಾ ಫರ್ಮ್ ‘ಅಲ್ಯುಮ್ನೈ’ಗೆ ಏನನ್ನೋಣ? ‘ಮನಿ ಗೇಮ್’ಗೆ ‘ಪಣದಾಟ’ ನಡೆಯುತ್ತಾ?

ಬಳಗದ ಎಲ್ಲರಿಗೂ ವಿರಾಜಪೇಟೆಯಿಂದ ನಮಸ್ಕಾರ.

ಇಲ್ಲಿನ ಪಿಯು ಮಕ್ಕಳಿಗಾಗಿ ವೃತ್ತಿ ಮಾಹಿತಿಯ ಸಣ್ಣ ಕೈಪಿಡಿಯೊಂದು ಕನ್ನಡದಲ್ಲಿ ತಯಾರಾಗುತ್ತಿದೆ. ಕಾನೂನು ಓದಿದವರು ಎಲ್ಲೆಲ್ಲಿ ಕೆಲಸ ಮಾಡುತ್ತಾರೆ ಅನ್ನುವ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಬೆಂಗಳೂರಿನ ದೊಡ್ಡ ಲಾ ಫರ್ಮ್ ಬಿಟ್ಟು ಗೇಮಿಂಗ್ ಕಂಪನಿ ಸೇರಿದ ವಕೀಲರ ಬಗ್ಗೆಯೂ ಅದರಲ್ಲಿ ಬರೆಯಬೇಕು. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ.

ಮೊದಲನೆಯದು ‘ಅಲ್ಯುಮ್ನೈ’. ತಮ್ಮಲ್ಲಿ ದುಡಿದು ಹೊರಗೆ ಹೋದವರನ್ನು ಲಾ ಫರ್ಮ್‌ಗಳು ಈಗ ಹೀಗೇ ಕರೆಯುತ್ತವೆ. ಅವರಿಗೆ ಕೂಟ ನಡೆಸುತ್ತವೆ, ಯಾರು ಎಲ್ಲಿ ಸೇರಿದರು ಅಂತ ಸುದ್ದಿಪತ್ರ ಕಳಿಸುತ್ತವೆ. ಇದು ಬರೀ ಪ್ರೀತಿಯಲ್ಲ. ಇವತ್ತು ಬಿಟ್ಟುಹೋದವರು ನಾಳೆ ಯಾವುದೋ ಕಂಪನಿಯ ಕಾನೂನು ವಿಭಾಗದಲ್ಲಿ ಕೂತು, ಕೇಸನ್ನು ಯಾವ ಫರ್ಮ್‌ಗೆ ಕೊಡಬೇಕು ಅಂತ ತೀರ್ಮಾನಿಸುತ್ತಾರೆ, ಅಲ್ವಾ? ‘ಹಳೆಯ ವಿದ್ಯಾರ್ಥಿ’ ಇಲ್ಲಿ ಕೂರುವುದಿಲ್ಲ.

‘ಮಾಜಿ’ ಅನ್ನೋಣ ಅಂದರೆ ಕೊಡಗಿನಲ್ಲಿ ಆ ಪದಕ್ಕೆ ಬೇರೆಯದೇ ತೂಕ. ಕಾರ್ಯಪ್ಪ, ತಿಮ್ಮಯ್ಯ ಅವರ ಜಿಲ್ಲೆ ಇದು. ಊರೂರಲ್ಲೂ ಮಾಜಿ ಸೈನಿಕರಿದ್ದಾರೆ. ಮಾಜಿ ಸೈನಿಕ ಅಂದರೆ ಸಮವಸ್ತ್ರ ಕಳಚಿ ಮನೆಗೆ ಬಂದವರು. ಅದೇ ಕಿವಿಯಲ್ಲಿ ‘ಫರ್ಮ್‌ನ ಮಾಜಿ ವಕೀಲೆ’ ಅಂತ ಕೇಳಿಸಿಕೊಂಡ ನೆರೆಮನೆಯವರು, “ಯಾಕೆ, ವಕೀಲಿಕೆಯ ಸನ್ನದು ಹೋಯ್ತಾ?” ಅಂದರು.

ನಗುವ ಪ್ರಶ್ನೆಯಲ್ಲ ಅದು. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ, ವಕೀಲಿಕೆ ಮಾಡುವವರು ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವಂತಿಲ್ಲ. ಸೇರಿದರೆ ಪರಿಷತ್ತಿಗೆ ತಿಳಿಸಬೇಕು. ಆ ನೌಕರಿ ಇರುವವರೆಗೆ ವಕೀಲಿಕೆ ನಿಲ್ಲಿಸಬೇಕು. ಕಕ್ಷಿದಾರರ ಗುಟ್ಟು ಕಾಯಲು ವಕೀಲರಿಗೆ ಕಾನೂನು ಕೊಡುವ ರಕ್ಷಣೆ ಕಂಪನಿಯ ಸಂಬಳದ ವಕೀಲರಿಗೆ ಅದೇ ರೀತಿ ಸಿಗುವುದಿಲ್ಲ ಅಂತ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಫರ್ಮ್ ಬಿಟ್ಟು ಕಂಪನಿ ಸೇರಿದವರ ಮಟ್ಟಿಗೆ ‘ಮಾಜಿ ವಕೀಲ’ ಒಂದು ಅರ್ಥದಲ್ಲಿ ನಿಜ. ಫರ್ಮ್ ಬಿಟ್ಟು ಸ್ವಂತ ಕಚೇರಿ ತೆರೆದವರ ಮಟ್ಟಿಗೆ ಪೂರಾ ಸುಳ್ಳು. ಒಂದೇ ಪಟ್ಟಿಯಲ್ಲಿ ಇಬ್ಬರ ಹೆಸರೂ ಇರುತ್ತದೆ!

‘ಫರ್ಮ್‌ನ ಹಳಬರು’ ಅಂದರೆ ಇನ್ನೂ ಅಲ್ಲೇ ಇರುವ ಹಿರಿಯರು ಅಂತಾಗುತ್ತದೆ. ಸದ್ಯಕ್ಕೆ ವಾಕ್ಯದೊಳಗೆ ‘ಹಿಂದೆ ಆ ಫರ್ಮ್‌ನಲ್ಲಿದ್ದವರು’, ತಲೆಬರಹದಲ್ಲಿ ‘ಹಿಂದಿನ ಬಳಗ’ ಅಂತ ಬರೆದಿದ್ದೇನೆ. ಕಂಪನಿಯೊಳಗೇ ಸಂಬಳಕ್ಕಿರುವ ‘ಇನ್‌ಹೌಸ್’ ವಕೀಲರಿಗೆ ಯಾರೋ ‘ಮನೆ ವಕೀಲ’ ಅಂತ ಸೂಚಿಸಿದರು. ಅದು ಆಸ್ತಿ ಪಾಲಿನ ಜಗಳ ನೋಡಿಕೊಳ್ಳುವವರ ಹಾಗೆ ಕೇಳುತ್ತದೆ, ಬೇಡ.

ಎರಡನೆಯ ಪದ ‘ಗೇಮಿಂಗ್’. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಗೇಮಿಂಗ್ ಅಂದರೆ ಜೂಜು. ಬಸ್ಸಿನಲ್ಲಿ ಮೊಬೈಲ್ ಹಿಡಿದು ಕೂತ ಹುಡುಗನಿಗೆ ಗೇಮಿಂಗ್ ಅಂದರೆ ಬರೀ ಆಟ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಪದದ ಹಿಂದೆ ಬಚ್ಚಿಡಬಹುದು. ಕನ್ನಡ ಆ ಸವಲತ್ತು ಕೊಡುವುದಿಲ್ಲ. ‘ಆಟ’ ಅಂದರೆ ಖುಲಾಸೆ, ‘ಜೂಜು’ ಅಂದರೆ ಪೊಲೀಸ್ ದಾಳಿ.

ಈ ವ್ಯತ್ಯಾಸದ ಬೆಲೆ ಸಣ್ಣದಲ್ಲ. ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಕಂಪನಿಗೆ 2022ರಲ್ಲಿ ಸುಮಾರು 21,000 ಕೋಟಿ ರೂಪಾಯಿಯ ಜಿಎಸ್‌ಟಿ ನೋಟಿಸ್ ಬಂತು. ಆನ್‌ಲೈನ್ ರಮ್ಮಿ ಆಟವೋ ಜೂಜೋ ಅನ್ನುವುದೇ ಅಲ್ಲಿನ ವ್ಯಾಜ್ಯ. 2023ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ನೋಟಿಸ್ ರದ್ದು ಮಾಡಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಕೋರ್ಟುಗಳ ಹಳೆಯ ಅಳತೆಗೋಲು ಕೌಶಲ, ಅದೇ ಮುಖ್ಯವಾದರೆ ಜೂಜಲ್ಲ. ಬಿದ್ದ ಇಸ್ಪೀಟ್ ಎಲೆಗಳನ್ನು ನೆನಪಿಡಬೇಕು, ಯಾವ ಎಲೆ ಹಿಡಿಯಬೇಕು, ಯಾವುದು ಬಿಡಬೇಕು ಗೊತ್ತಿರಬೇಕು, ಹಾಗಾಗಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಕೌಶಲದ ಆಟಕ್ಕೂ ಹಣ ಕಟ್ಟಿದರೆ ಅಪರಾಧ ಅಂದ ನಮ್ಮ ರಾಜ್ಯದ 2021ರ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ಹೊಡೆದುಹಾಕಿತು. ಮಕ್ಕಳಿಗೆ ಇದನ್ನು ಹೇಳಲು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಉದಾಹರಣೆ ಕೊಟ್ಟಿದ್ದೇನೆ. ಅದು ಗುರಿಯ ಆಟ ಅಂತ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಆದರೆ ಕೌಶಲಕ್ಕೆ ‘ಕೈಚಳಕ’ ಮಾತ್ರ ಬೇಡ, ಅದರಲ್ಲಿ ಜೇಬುಗಳ್ಳರ ವಾಸನೆ ಇದೆ. ಎದುರು ಪದಕ್ಕೆ ಪತ್ರಿಕೆಗಳ ‘ಆಕಸ್ಮಿಕ’ ಕೂಡ ಒಗ್ಗುವುದಿಲ್ಲ. ಆಕಸ್ಮಿಕ ಬೆಂಕಿಯೇ ನೆನಪಾಗುತ್ತದೆ. ‘ಅದೃಷ್ಟದ ಆಟ’ ಸಾಕು.

ಅಸಲಿ ತೊಡಕು ಇರುವುದು 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ, ಆನ್‌ಲೈನ್ ಆಟಗಳ ಕುರಿತ ಕೇಂದ್ರದ ಹೊಸ ಕಾಯ್ದೆಯಲ್ಲಿ. ಅದು ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್), ಸೋಶಿಯಲ್ ಗೇಮ್ (ಪಣವಿಲ್ಲದ ಮನರಂಜನೆಯ ಆಟ), ಮನಿ ಗೇಮ್ ಅಂತ ಮೂರು ಗುಂಪು ಮಾಡುತ್ತದೆ. ಹಣ ಗೆಲ್ಲುವ ಆಸೆಯಿಂದ ಹಣ ಹಾಕಿ ಆಡುವ ಮೂರನೆಯ ಗುಂಪಿಗೆ ನಿಷೇಧ. ಕೌಶಲವೋ ಅದೃಷ್ಟವೋ ಅಂತ ಅದು ಕೇಳುವುದೇ ಇಲ್ಲ. ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಫ್ಯಾಂಟಸಿ ಕ್ರಿಕೆಟ್ ಆ್ಯಪ್ ಡ್ರೀಮ್ ಇಲೆವೆನ್ ಅದೇ ತಿಂಗಳು ಹಣದ ಸ್ಪರ್ಧೆ ನಿಲ್ಲಿಸಿತು. ಕಾಯ್ದೆಯನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟುಗಳಲ್ಲಿ ಸಲ್ಲಿಸಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೇ ತರಿಸಿಕೊಂಡಿತು. ‘ಇದು ಕೌಶಲದ ಆಟ’ ಅಂತ ವಾದಿಸುವುದೇ ಕಸುಬಾಗಿದ್ದ ವಕೀಲರಿಗೆ ಈಗ ಬೇರೆ ವಿದ್ಯೆ ಬೇಕು. ಇ-ಸ್ಪೋರ್ಟ್ಸ್ ಆಟಗಾರರ ಕರಾರು, ಆಟದ ಹಕ್ಕುಸ್ವಾಮ್ಯ, 18 ತುಂಬದವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಕೇಳುವ 2023ರ ದತ್ತಾಂಶ ಕಾಯ್ದೆ, ಇಂಥವು.

ಈ ಮನಿ ಗೇಮ್‌ಗೆ ಏನನ್ನೋಣ? ‘ಹಣದಾಟ’ ನೇರವಾಗಿದೆ. ಆದರೆ ಇ-ಸ್ಪೋರ್ಟ್ಸ್‌ನಲ್ಲೂ ಪ್ರವೇಶ ಶುಲ್ಕ ಇರಬಹುದು, ಗೆದ್ದವರಿಗೆ ಬಹುಮಾನದ ಹಣವೂ ಇರಬಹುದು, ಕಾಯ್ದೆ ಅದನ್ನು ಒಪ್ಪುತ್ತದೆ. ಬೆಟ್ಟಿಂಗ್ ಮಾತ್ರ ಕೂಡದು. ‘ಹಣದಾಟ’ ಅಂದರೆ ಈ ಶುಲ್ಕವೂ ಅದರೊಳಗೆ ಸೇರಿಹೋಗುತ್ತದೆ. ಪಣಕ್ಕಿಡುವ ಹಣ ಬೇರೆ, ಕಟ್ಟುವ ಶುಲ್ಕ ಬೇರೆ. ಹಾಗಾಗಿ ‘ಪಣದಾಟ’ ಅಂತ ಬರೆದೆ. ಹಳಗನ್ನಡದ ‘ನೆತ್ತ’ವೂ ತಲೆಗೆ ಬಂದಿತ್ತು. ಚೆಂದದ ಪದ, ಆದರೆ ಮಕ್ಕಳಿಗೆ ತಿಳಿಯದು.

ಕರಡು ನೋಡಿದ ಕೊಡವ ಗೆಳೆಯರೊಬ್ಬರು ಕೊಕ್ಕೆ ಹಾಕಿದರು. ನಮ್ಮ ಹುತ್ತರಿ ಅವರಿಗೆ ಪುತ್ತರಿ, ನಮ್ಮ ಹಾಲು ಅವರಿಗೆ ಪಾಲ್. ಹಾಗೆಯೇ ಅವರ ಭಾಷೆ ಕೊಡವ ತಕ್ಕ್‌ನಲ್ಲಿ ‘ಪಣ’ ಅಂದರೆ ಹಣ. ನಮ್ಮ ‘ಹಣ’ವೂ ಹಿಂದೆ ‘ಪಣ’ವೇ ಆಗಿತ್ತಲ್ಲ. ಅವರ ಕಿವಿಗೆ ‘ಪಣದಾಟ’ ಮತ್ತೆ ‘ಹಣದಾಟ’ವೇ ಆಗಿಬಿಡುತ್ತದೆ, ನಾನು ಕಷ್ಟಪಟ್ಟು ಎಳೆದ ಗೆರೆ ಮಾಯ. ಸಾಲದ್ದಕ್ಕೆ ‘ಪಣ ತೊಡು’ ಅಂದರೆ ಶಪಥ. ಆದರೂ ನನ್ನ ಒಲವು ‘ಪಣದಾಟ’ದ ಕಡೆಗೇ.

‘ಪಂತದಾಟ’, ‘ಬಾಜಿಯಾಟ’ ಇವುಗಳಲ್ಲಿ ಯಾವುದು ನಿಮ್ಮ ಕಡೆ ಬಾಯಲ್ಲಿದೆ? ಧಾರವಾಡ, ಕಲಬುರಗಿ ಕೋರ್ಟುಗಳಲ್ಲಿ ವಕೀಲರು ಕನ್ನಡದಲ್ಲಿ ವಾದಿಸುವಾಗ ಕಟ್ಟಿದ ದುಡ್ಡಿಗೆ ಏನನ್ನುತ್ತಾರೆ? ಪದಕೋಶದ ಪದಕ್ಕಿಂತ ಕೋರ್ಟಿನಲ್ಲಿ ಕಿವಿಗೆ ಬಿದ್ದ ಪದ ನನಗೆ ಜಾಸ್ತಿ ಬೇಕು. ‘ಹಿಂದಿನ ಬಳಗ’ಕ್ಕಿಂತ ಒಳ್ಳೆಯದು ಹೊಳೆದರೆ ಅದನ್ನೂ ಬರೆಯಿರಿ.