ರಿಟೈರ್ ಆದ್ಮ್ಯಾಲ ಸ್ಕೂಬಾ ಕಲ್ತು ಹವಳದ ದಿಬ್ಬದಾಗಿನ ಜೀವಿಗಳ ಫೋಟೋ ತೆಗೀಬೇಕಂತೀನಿ, ತಿಳದವ್ರು ಹೇಳ್ರಿ

ಕಲಬುರಗಿ ಮಾಸ್ತರ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಪಿಯು ಕಾಲೇಜಿನಾಗ ಬಯಾಲಜಿ ಕಲಸ್ತಿದ್ದೆ, ಈಗ ರಿಟೈರ್ ಆಗೀನಿ, 61 ವಯಸ್ಸು. ಹಕ್ಕಿ ಫೋಟೋ ತೆಗಿಯೋ ಹವ್ಯಾಸ ಅದ, ಬೋನಾಳ ಕೆರಿ ಕಡಿ ಹೋಗ್ತಿರ್ತೀನಿ. ಆದ್ರ ಹವಳದ ಪಾಲಿಪ್ಪು (ಹವಳ ಕಟ್ಟೋ ಸಣ್ಣ ಜೀವಿ), ಸೀ ಅನಿಮೋನ್ (ಹೂವಿನಂಗ ಕಾಣೋ ಸಮುದ್ರ ಜೀವಿ) ಅಂತ ಬೋರ್ಡಿನ ಮ್ಯಾಲ ಚಿತ್ರ ತೆಗದು ತೆಗದು ಎಷ್ಟೋ ಬ್ಯಾಚಿಗಿ ಹೇಳೀನ್ರಿ, ಜೀವಂತ ಇದ್ದದ್ದು ಒಂದೂ ನೋಡಿಲ್ಲ, ಲ್ಯಾಬಿನಾಗ ಫಾರ್ಮಲಿನ್ ಬಾಟಲ್ಯಾಗ ಬಣ್ಣ ಹೋಗಿ ಬೆಳ್ಳಗಾದವೇ ನೋಡಿದ್ದು. ಬೆನ್ನಿಗಿ ಗಾಳಿ ಸಿಲಿಂಡರ್ ಕಟ್ಕೊಂಡು ನೀರಿಗಿಳ್ದು ಅವುಗಳ ಫೋಟೋ ನಾನೇ ತೆಗೀಬೇಕಂತ ಭಾಳ ಆಸೆ ಆಗ್ಯಾದ. ಈಜು ಬರ್ತದ, ಸಣ್ಣವಿದ್ದಾಗ ಊರ ಬಾವ್ಯಾಗ ಕಲ್ತದ್ದು. ಬಿಪಿ ಗುಳಿಗಿ ನಡದಾವ. ಡಿಎಸ್ಎಲ್ಆರ್ ಮತ್ತ ದೊಡ್ಡ ಟೆಲಿ ಲೆನ್ಸ್ ಅವ, ಅದಕ್ಕೇ ವಾಟರ್‌ಪ್ರೂಫ್ ಹೌಸಿಂಗ್ ಹಾಕಿದ್ರ ನಡೀತದೇನು? ಮೊದಲ ಮುರ್ಡೇಶ್ವರದ ಹತ್ರದ ನೇತ್ರಾಣಿ ದ್ವೀಪಕ್ಕ ಹೋಗ್ಲೋ ಸೀದಾ ಅಂಡಮಾನಿಗೋ? ಮನ್ಯಾಕಿ ಈ ವಯಸ್ಸಿನ್ಯಾಗ ಸಮುದ್ರದ ತಳಕ್ಕ ಯಾಕ್ರಿ ಅಂತಾಳ, ಅಕಿಗೂ ಓದಿ ತೋರಸ್ತೀನಿ, ಖರೇ ಇದ್ದದ್ದೇ ಹೇಳ್ರಿ.

ಬೀದರ ಕ್ಯಾಮೆರಾ:
ಮಾಸ್ತರ್ರೇ, ಟೆಲಿ ಲೆನ್ಸ್ ಮನ್ಯಾಗೇ ಬಿಡ್ರಿ, ಅಲ್ಲಿ ಅದು ಕೆಲಸಕ್ಕ ಬರಂಗಿಲ್ಲ. ನಾನೂ ಬ್ಯಾಂಕಿನಿಂದ ರಿಟೈರ್ ಆದ್ಮ್ಯಾಲೇ ಈ ಕಡಿ ಬಂದವ, ನಂಗೂ ಹಕ್ಕಿ, ಕೃಷ್ಣಮೃಗದ ರೂಢಿ ಇತ್ತು. ಹಕ್ಕಿಗಿ ದೂರ ಕುಂತು ಹೊಡೀತೀವಿ, ನೀರಿನ್ಯಾಗ ಪೂರಾ ಉಲ್ಟಾ, ಕ್ಯಾಮೆರಾಕ್ಕೂ ಮೀನಿಗೂ ನಡುವ ಎಷ್ಟು ಕಡಿಮಿ ನೀರು ಇರ್ತದೋ ಅಷ್ಟು ಫೋಟೋ ಸ್ವಚ್ಛ ಬರ್ತದ, ಒಂದು ಮೀಟರ್ ಒಳಗೇ ಬರಬೇಕು, ಇನ್ನೂ ಹತ್ರ ಆದ್ರ ಇನ್ನೂ ಛಲೋ. ಯಾಕಂದ್ರ ನೀರು ಮೊದಲ ಕೆಂಪು ಬಣ್ಣನೇ ನುಂಗ್ತದ, ಐದಾರು ಮೀಟರ್ ಇಳಿದ್ರಾಗ ಕೆಂಪು ಮಂಕಾಗಿ ಹೋಗ್ತದ, ಹದಿನೈದಕ್ಕ ಎಲ್ಲಾ ನೀಲಿ ಹಸರು. ಅದಕ್ಕೇ ಫ್ಲಾಶ್ ಬೇಕು, ಆದ್ರ ಲೆನ್ಸಿನ ಮ್ಯಾಲೇ ಕುಂತ ಫ್ಲಾಶ್ ಅಲ್ಲ, ಕೈ ಚಾಚಿದಂಗ ಎಡಕ್ಕ ಬಲಕ್ಕ ಇರೋದು, ಇಲ್ಲಾಂದ್ರ ನೀರಾಗ ತೇಲೋ ಕಣ ಎಲ್ಲಾ ಬೆಳಕು ತಿರುಗಿ ಹೊಡದು ಫೋಟೋ ತುಂಬ ಜ್ವಾಳದ ಹಿಟ್ಟು ಉಗ್ಗಿದಂಗ ಕಾಣ್ತದ.

ಡಿಎಸ್ಎಲ್ಆರ್ ಹೌಸಿಂಗ್ ಕೆಲವೊಮ್ಮಿ ಕ್ಯಾಮೆರಾಕಿಂತ ತುಟ್ಟಿ, ಭಾರಾನೂ ಹೌದು, ಹೊಸಬರಿಗಿ ನಾ ಬ್ಯಾಡಂತೀನಿ. ಒಲಿಂಪಸ್ ಟಿಜಿ-6 ಅಥವಾ ಅದರ ನಂತರ 2023ರಾಗ ಬಂದ ಟಿಜಿ-7 ನೋಡ್ರಿ, ಹೌಸಿಂಗ್ ಇಲ್ದೇ 15 ಮೀಟರ್ ತಡೀತದ, ಅದರದೇ ಹೌಸಿಂಗ್ ಹಾಕಿದ್ರ 45. ಹದಿನೈದು ಅಂತ ಬರದಾರಂತ ಬರೇ ಕ್ಯಾಮೆರಾ ತಗೊಂಡು ಇಳೀಬ್ಯಾಡ್ರಿ ಮತ್ತ, ಹೌಸಿಂಗ್ ಬೇಕೇ ಬೇಕು. ಸಣ್ಣ ಜೀವಿ ತೆಗಿಲಿಕ್ಕ ಅದರಷ್ಟು ಸಸಾರ ಕ್ಯಾಮೆರಾ ನಾ ಕಂಡಿಲ್ಲ, ಬೆರಳಿನ ಉಗುರಿನಷ್ಟು ನುಡಿಬ್ರಾಂಕ್ ಇರ್ತಾವಲ್ಲ, ಚಿಪ್ಪಿಲ್ಲದ ಬಣ್ಣದ ಸಮುದ್ರ ಬಸವನಹುಳ, ಅದರ ಬೆನ್ನ ಮ್ಯಾಲಿನ ಕಿವಿರೂ ಎಣಿಸಬಹುದು. ಹೌಸಿಂಗಿನ ರಬ್ಬರ್ ರಿಂಗಿನ್ಯಾಗ ಒಂದು ಕೂದಲ ಎಳಿ ಸಿಕ್ಕಿದ್ರೂ ನೀರು ಒಳಗ ಬರ್ತದ, ಪ್ರತಿ ಸಲ ಇಳಿಯೋ ಮೊದಲ ನೋಡ್ರಿ.

ಯಾದಗಿರಿ ಡಾಕ್ಟರ್:
ಬಿಪಿ ಬಗ್ಗೆ ಅಷ್ಟೇ ನಾ ಹೇಳ್ತೀನಿ. ಕೋರ್ಸಿಗಿ ಸೇರೋ ಮೊದಲ ಆರೋಗ್ಯದ ಫಾರ್ಮ್ ಕೊಡ್ತಾರ, ಅದರಾಗ ಬಿಪಿ ಅದ ಅಂತ ಬರದ್ರ ಡಾಕ್ಟರ ಸಹಿ ಬೇಕಾಗ್ತದ. ಸಹಿ ತಪ್ಪಿಸ್ಲಿಕ್ಕ ಇಲ್ಲಂತ ಬರೀಬ್ಯಾಡ್ರಿ ಸರ್, ದಯಮಾಡಿ. ನೀರಿನ್ಯಾಗ ಮುಳಗಿದ ಕೂಡ್ಲೇ ಕೈಕಾಲಿನ ರಕ್ತ ಎದಿ ಕಡಿ ಒತ್ತಿ ಬರ್ತದ, ಬಿಪಿ ಹದ್ದುಬಸ್ತಿನಾಗ ಇಲ್ದವ್ರಿಗಿ ಪುಪ್ಪಸದಾಗ ನೀರು ತುಂಬೋ ಅಪಾಯ ಇರ್ತದ. ಹದ್ದುಬಸ್ತಿನಾಗ ಇದ್ರ ಭಾಳ ಮಂದಿ ಆರಾಮ ಡೈವ್ ಮಾಡ್ತಾರ. ಹಾರ್ಟಿನ ಡಾಕ್ಟರಿಗಿ ತೋರಿಸಿ ಟಿಎಂಟಿ (ಟ್ರೆಡ್‌ಮಿಲ್ ಮ್ಯಾಲ ನಡಸಿ ಹಾರ್ಟ್ ನೋಡೋ ಪರೀಕ್ಷೆ) ಮಾಡಿಸ್ರಿ, ಯಾವ ಗುಳಿಗಿ ತಗೋತೀರಿ ಅದೂ ಹೇಳ್ರಿ, ಬೀಟಾ ಬ್ಲಾಕರ್ (ಹಾರ್ಟಿನ ಬಡಿತ ನಿಧಾನ ಮಾಡೋ ಬಿಪಿ ಗುಳಿಗಿ) ಇದ್ರ ದಮ್ಮಿನ ತಾಕತ್ತು ಕಡಿಮಿ ಆಗಿರ್ತದ. ಶೀತ ಮೂಗು ಕಟ್ಟಿದ್ದಾಗ ಇಳೀಲೇಬಾರದು, ಕಿವಿಯೊಳಗಿನ ಒತ್ತಡ ಹೊರಗಿನದಕ್ಕ ಸಮ ಆಗಂಗಿಲ್ಲ.

ಕಲಬುರಗಿ ಮಾಸ್ತರ:
ಡಾಕ್ಟರ್ ಸಾಹೇಬ್ರಿಗೂ ಬೀದರ ಸರ್‌ಗೂ ಭಾಳ ಉಪಕಾರ. ಟಿಎಂಟಿ ಮಾಡಿಸೇ ಮುಂದಿನ ಮಾತು ಅಂತ ಮನ್ಯಾಗ ಹೇಳೀನಿ, ಅಕಿ ಹಂಗಾದ್ರ ಸರಿ ಅಂದಾಳ. ನೇತ್ರಾಣಿ ಅಂಡಮಾನ್ ವಿಚಾರ ಯಾರರೆ ಹೇಳ್ರಿ, ಬಾವಿ ಈಜು ಸಾಕಾಗ್ತದೋ ಇಲ್ಲೋ ಅದೂ.

ಜೇವರ್ಗಿ ಟು ಹ್ಯಾವ್ಲಾಕ್:
ಸರ್, ನಾ ಜೇವರ್ಗಿಯಾಕಿ, ಈಗ ಅಂಡಮಾನಿನ್ಯಾಗ ಡೈವಿಂಗ್ ಕಲಸ್ತೀನಿ. ಬಾವ್ಯಾಗ ಕಲ್ತವ್ರಿಗಿ ನೀರಿನ ಅಂಜಿಕಿ ಇರಂಗಿಲ್ಲ, ಅದು ದೊಡ್ಡ ಆಸ್ತಿ. ಓಪನ್ ವಾಟರ್ ಅಂತ ಹೊಸಬರ ಮೊದಲ ಡೈವಿಂಗ್ ಕೋರ್ಸಿಗಿ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು, ಈಗಿಂದ್ಲೇ ಸ್ವಿಮ್ಮಿಂಗ್ ಪೂಲಿಗಿ ಹೋಗಿ ರೂಢಿ ಮಾಡ್ರಿ. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಮೀ, ಮಳಿಗಾಲದಾಗ ಬಂದ್, ಒಂದ್ಸಲ ನೀರಿನೊಳಗ ಹೆಂಗನಸ್ತದ ನೋಡ್ಲಿಕ್ಕ ಅಲ್ಲಿಗಿ ಹೋಗ್ರಿ, ಕೋರ್ಸ್ ಮತ್ತ ಫೋಟೋಕ್ಕ ಇಲ್ಲಿಗಿ ಬರ್ರಿ. ಕಲಬುರಗಿಯಿಂದ ಚೆನ್ನೈಗಿ ಸೀದಾ ಟ್ರೇನ್ ಅದ, ಅಲ್ಲಿಂದ ವಿಮಾನ.

ಒಂದು ಮಾತು ಕೇಳ್ರಿ, ಕೋರ್ಸ್ ನಡದಾಗ ಕ್ಯಾಮೆರಾ ಮುಟ್ಟಬ್ಯಾಡ್ರಿ. ಮೊದಲ ಮ್ಯಾಲೂ ಹೋಗದಂಗ ಕೆಳಗೂ ಇಳಿಯದಂಗ ಒಂದೇ ಕಡಿ ತೇಲಿ ನಿಲ್ಲೋದು ಬರಬೇಕು, ಬರೇ ಉಸಿರಿನಿಂದ. ಅದು ಬರದವ್ರು ಫೋಟೋ ಸಲುವಾಗಿ ಹವಳ ಹಿಡಕೋತಾರ, ಕಾಲಿಗಿ ಹಾಕೋ ಫಿನ್ ತಾಗಿಸಿ ಮುರೀತಾರ, ನೋಡಿದ್ರ ಹೊಟ್ಟಿ ಉರೀತದ ಸರ್, ಎಷ್ಟೋ ವರ್ಷ ಬೆಳದದ್ದು ಒಂದು ಒದಿಕಿಗಿ ಹೋಗ್ತದ. ದಿಬ್ಬ ಕಟ್ಟೋ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಾಗ ಅದ, ಹುಲಿ ಇರೋ ಪಟ್ಟಿ ಅದು, ಸತ್ತ ತುಂಡೂ ಊರಿಗಿ ಒಯ್ಯಂಗಿಲ್ಲ.

ಆಳಕ್ಕ ಹೋಗೋ ಆಸೆ ಬಿಡ್ರಿ. 20 ಮೀಟರ್‌ದಾಗ ಮ್ಯಾಲಿನಕಿಂತ ಮೂರು ಪಟ್ಟು ಗಾಳಿ ಖರ್ಚಾಗ್ತದ, ಏಳೆಂಟು ಮೀಟರ್‌ದಾಗ ಬೆಳಕೂ ಇರ್ತದ, ಟೈಮೂ ಸಿಗ್ತದ. ಒಂದೇ ಅನಿಮೋನ್ ಮುಂದ ನಿಲ್ರಿ, ಅದರಾಗ ಇರೋ ಕ್ಲೌನ್ ಫಿಶ್ ಎಲ್ಲಾ ಗಂಡಾಗೇ ಹುಟ್ತಾವಲ್ಲ, ಗುಂಪಿನ ದೊಡ್ಡ ಹೆಣ್ಣು ಸತ್ರ ಅದರ ಜೋಡಿ ಗಂಡು ಹೆಣ್ಣಾಗ್ತದ, ಅದು ನಿಮಗ ನಾ ಹೇಳಬೇಕಿಲ್ಲ, ಅಲ್ಲಿ ಯಾರು ಯಜಮಾನಿ ಅಂತ ಸ್ವಲ್ಪ ಹೊತ್ತಿನ್ಯಾಗ ಕಣ್ಣಿಗೇ ಕಾಣ್ತದ. ಬೆಳ್ಳಗಾದ ಹವಳದ ಫೋಟೋನೂ ತೆಗೀರಿ, ಇಲ್ಲಿ 2010, 2016ರಾಗ ಸಮುದ್ರ ಕಾದು ಭಾಳ ಹವಳ ಬೆಳ್ಳಗಾಗಿತ್ತು, ಅದೇ ಜಾಗ ಮುಂದಿನ ವರ್ಷ ಮತ್ತ ಬಂದು ತೆಗದ್ರ ಬದುಕ್ಯಾದೋ ಇಲ್ಲೋ ಗೊತ್ತಾಗ್ತದ, ಬಯಾಲಜಿ ಮಾಸ್ತರಿಗಿ ಇದಕಿಂತ ಛಲೋ ಕೆಲಸ ಇಲ್ಲ ಅಂತ ನನ್ನ ಅನಿಸಿಕಿ. ವಾಪಸ್ ಟಿಕೆಟ್ ಮಾಡಿಸುವಾಗ ಕಡೀ ಡೈವ್ ಆಗಿ 18 ತಾಸು ಬಿಟ್ಟೇ ವಿಮಾನ ಹತ್ರಿ, ಒಂದು ದಿನ ಪೂರಾ ಬಿಟ್ರ ಇನ್ನೂ ಒಳ್ಳೇದು. ಅಮ್ಮಾವ್ರಿಗೂ ಕರ್ಕೊಂಡು ಬರ್ರಿ, ಸ್ನಾರ್ಕೆಲ್ (ಉಸಿರಾಡೋ ಕೊಳವಿ) ಹಾಕೊಂಡು ಮ್ಯಾಲಿಂದ್ಲೇ ಎಲ್ಲಾ ನೋಡ್ತಾರ.