ನೀರಿನಡಿ 25 ಮೀಟರ್: ಉಸಿರು ಸಾಲುತ್ತಿಲ್ಲ

ಪ್ರಶ್ನೆ (ಮಂಡ್ಯ):
ಸೇನೆಯ ವಿಶೇಷ ಪಡೆಯ ದೈಹಿಕ ಪರೀಕ್ಷೆಗೆ ಸಿದ್ಧನಾಗುತ್ತಿದ್ದೇನೆ. ನೀರಿನ ಮೇಲೆ 500 ಮೀಟರ್ ನಿರಾಯಾಸವಾಗಿ ಈಜುವ ನನಗೆ, ನೀರಿನಡಿ 15 ಮೀಟರ್ ದಾಟುವಷ್ಟರಲ್ಲಿ ಎದೆ ಬಿಗಿದು ಮೇಲೆ ಬರಬೇಕಾಗುತ್ತದೆ. ಧುಮುಕುವ ಮುನ್ನ ಹತ್ತಿಪ್ಪತ್ತು ಬಾರಿ ಜೋರಾಗಿ ಉಸಿರಾಡಬೇಕೆಂದು ಗೆಳೆಯರು ಹೇಳುತ್ತಾರೆ. ವಿ.ಸಿ. ನಾಲೆಯಲ್ಲಿ ಒಬ್ಬನೇ ಅಭ್ಯಾಸ ಮಾಡಬಹುದೇ?

ಉತ್ತರ 1 (ಮೈಸೂರು):
ದಯವಿಟ್ಟು ಎರಡನ್ನೂ ಮಾಡಬೇಡಿ. ಉಸಿರಾಡಲೇಬೇಕೆಂಬ ಒತ್ತಡ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ. ಜೋರು ಉಸಿರಾಟ ಅದನ್ನು ಮೊದಲೇ ಇಳಿಸಿಬಿಡುತ್ತದೆಯೇ ಹೊರತು ಆಮ್ಲಜನಕವನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ. ಹೀಗಾಗಿ ಯಾವ ಮುನ್ಸೂಚನೆಯೂ ಇಲ್ಲದೆ ನೀರಿನಡಿಯಲ್ಲೇ ಪ್ರಜ್ಞೆ ತಪ್ಪಬಹುದು. ನಾಲೆಯ ಸೆಳವಿನಲ್ಲಿ ನಿಮ್ಮನ್ನು ಎತ್ತುವವರು ಯಾರು? ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಂತಹ ಕಡೆ, ತರಬೇತುದಾರರ ಅನುಮತಿ ಪಡೆದು, ನಿಮ್ಮ ಮೇಲೆಯೇ ಕಣ್ಣಿಟ್ಟ ಜೊತೆಗಾರನಿದ್ದಾಗ ಮಾತ್ರ ಮಾಡಿ.

ಉತ್ತರ 2 (ಮೈಸೂರು):
ಮೇಲಿನ ಮಾತು ನೂರಕ್ಕೆ ನೂರು ಸರಿ. ನಿಮಗೆ ಕೊರತೆಯಿರುವುದು ಉಸಿರಿನದ್ದಲ್ಲ, ಜಾರುವಿಕೆಯದ್ದು ಎಂದು ನನ್ನ ಅನಿಸಿಕೆ. ಗೋಡೆಯನ್ನು ಬಲವಾಗಿ ಒದ್ದು, ಕೈಗಳನ್ನು ಕಿವಿಗೆ ತಾಗುವಂತೆ ಮುಂದೆ ಚಾಚಿ, ವೇಗ ತಗ್ಗುವವರೆಗೂ ಸುಮ್ಮನೆ ಜಾರಿ. ಆಮೇಲೆ ಎರಡೂ ಕೈಗಳನ್ನು ತೊಡೆಯವರೆಗೆ ಎಳೆದು ಮತ್ತೆ ಜಾರಿ. ಅನಂತರವೇ ಕಪ್ಪೆ ಒದೆತ. ಮುಂದೆ ನೋಡಲು ತಲೆ ಎತ್ತಿದರೆ ಸೊಂಟ ಇಳಿದು ನೀರು ತಡೆಯುತ್ತದೆ, ಆದ್ದರಿಂದ ತಳದ ಗೆರೆಯನ್ನೇ ನೋಡಿ. ಪ್ರತಿ ಸುತ್ತಿನ ಬಳಿಕ ಉಸಿರು ಪೂರ್ತಿ ಸಹಜವಾಗುವವರೆಗೆ ಕಾಯಿರಿ.

ಪ್ರಶ್ನೆ ಕೇಳಿದವರು:
ನಾಲೆಯ ಯೋಚನೆಯನ್ನು ಬಿಟ್ಟಿದ್ದೇನೆ. ಭಾನುವಾರ ಅಣ್ಣನನ್ನು ಕರೆದುಕೊಂಡು ಕೊಳಕ್ಕೆ ಬರುತ್ತೇನೆ, ಮೊದಲು 10 ಮೀಟರ್ ಜಾರುವುದನ್ನಷ್ಟೇ ಕಲಿಯುತ್ತೇನೆ.