22 ಮಿಲಿಮೀಟರ್ ಕಿಡ್ನಿ ಕಲ್ಲು: ರೋಬೋಟ್ ಶಸ್ತ್ರಚಿಕಿತ್ಸೆ ಅಗತ್ಯವೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 58 ವರ್ಷ, ರಾಣೆಬೆನ್ನೂರಿನ ಸಮೀಪ ಬೇಸಾಯ ಮಾಡಿಕೊಂಡಿದ್ದಾರೆ. ಎರಡು ತಿಂಗಳಿಂದ ಎಡ ಪಕ್ಕೆಯಲ್ಲಿ ನೋವು ಬಂದು ಹೋಗುತ್ತಿತ್ತು. ಊರಿನವರು ಹೇಳಿದಂತೆ ಬಾಳೆದಿಂಡಿನ ರಸವನ್ನೂ ಹುರುಳಿ ಕಟ್ಟನ್ನೂ ಕುಡಿದು ನೋಡಿದರು. ಕಡಿಮೆಯಾಗದೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಎಡ ಮೂತ್ರಪಿಂಡದಲ್ಲಿ, ಮೂತ್ರ ಕೂಡಿ ಕೆಳಗಿಳಿಯುವ ಆಲಿಕೆಯಂಥ ಭಾಗದಲ್ಲಿ, 22 ಮಿಲಿಮೀಟರ್ ಕಲ್ಲು ಕಂಡಿದೆ. ಮೂತ್ರಪಿಂಡ ಸ್ವಲ್ಪ ಊದಿಕೊಂಡಿದೆ ಎಂದೂ ವರದಿಯಲ್ಲಿದೆ.

ಮೊದಲು ತೋರಿಸಿದ ವೈದ್ಯರು ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ಕಲ್ಲು ಒಡೆದು ತೆಗೆಯುವ ಪಿ.ಸಿ.ಎನ್.ಎಲ್. ಸಾಕು ಎಂದರು. ಎರಡನೆಯವರು ರೋಬೋಟ್ ಮೂಲಕ ಮಾಡೋಣ ಎಂದಿದ್ದಾರೆ, ಅದರ ಖರ್ಚು ದುಪ್ಪಟ್ಟಿಗಿಂತ ಹೆಚ್ಚು. ಯಂತ್ರ ಮಾಡುವುದರಿಂದ ಅದೇ ಸುರಕ್ಷಿತ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ಹಣಕ್ಕೆ ಅಂಜಿ ತಂದೆಯವರಿಗೆ ಒಳ್ಳೆಯ ಚಿಕಿತ್ಸೆ ತಪ್ಪಿಸಿದಂತಾಗಬಾರದು ಎಂಬುದೇ ನನ್ನ ಚಿಂತೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಹಸಿರುಗೌನು

ನಾನು ಮೂತ್ರರೋಗ ವಿಭಾಗದ ಆಪರೇಷನ್ ಥಿಯೇಟರಿನಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು. ತಂದೆಯವರನ್ನು ಪರೀಕ್ಷಿಸಿದ ವೈದ್ಯರ ಮಾತೇ ಅಂತಿಮ. ಆದರೂ ಅವರ ಮುಂದೆ ಏನು ಕೇಳಬೇಕೆಂದು ತಿಳಿಯಲು ಇದು ನಿಮಗೆ ನೆರವಾಗಬಹುದು.

ಮೊದಲಿಗೆ, ರೋಬೋಟ್ ತಾನಾಗಿ ಏನನ್ನೂ ಮಾಡುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದ ಡಾ ವಿಂಚಿಯಂಥ ಯಂತ್ರದಲ್ಲಿ ಶಸ್ತ್ರವೈದ್ಯರು ಅದೇ ಕೊಠಡಿಯ ಒಂದು ಬದಿಯಲ್ಲಿ ಕುಳಿತು, ಹಿಗ್ಗಿಸಿ ತೋರಿಸುವ ಪರದೆಯೊಳಗೆ ನೋಡುತ್ತ ಬೆರಳು ಆಡಿಸುತ್ತಾರೆ. ರೋಗಿಯ ಹೊಟ್ಟೆಯೊಳಗಿನ ಉಪಕರಣಗಳು ಆ ಬೆರಳುಗಳನ್ನು ಅನುಸರಿಸುತ್ತವೆ. ಅದರ ನಿಜವಾದ ಹೆಚ್ಚುಗಾರಿಕೆ ಕಾಣುವುದು ಹೊಲಿಗೆಯಲ್ಲಿ. ಕೂದಲಿನಷ್ಟು ತೆಳುವಾದ ದಾರದಿಂದ, ಇಕ್ಕಟ್ಟಾದ ಜಾಗದಲ್ಲಿ, ಮೂತ್ರನಾಳದ ಬಾಯಿಗೆ ಒಂದೊಂದಾಗಿ ಹೊಲಿಗೆ ಹಾಕುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಕೈ ನಡುಗುವ ಪ್ರಶ್ನೆಯೇ ಅಲ್ಲಿರುವುದಿಲ್ಲ.

ಆದರೆ ಕಲ್ಲು ತೆಗೆಯಲು ಎಲ್ಲರಿಗೂ ಹೊಲಿಗೆ ಬೇಕಾಗುವುದಿಲ್ಲ. 1976ರಲ್ಲಿ ಸ್ವೀಡನ್ನಿನ ವೈದ್ಯರು ವರದಿ ಮಾಡಿದ ಪಿ.ಸಿ.ಎನ್.ಎಲ್. ವಿಧಾನದಲ್ಲಿ ಬೆನ್ನಿನಿಂದ ಸುಮಾರು ಒಂದು ಸೆಂಟಿಮೀಟರ್ ಅಥವಾ ಅದಕ್ಕೂ ಕಿರಿದಾದ ದಾರಿಯಲ್ಲಿ ನೇರವಾಗಿ ಮೂತ್ರಪಿಂಡದೊಳಕ್ಕೆ ಹೋಗಿ, ಕಲ್ಲನ್ನು ಪುಡಿ ಮಾಡಿ ಹೊರತೆಗೆಯುತ್ತಾರೆ. ಎರಡು ಸೆಂಟಿಮೀಟರಿಗಿಂತ ದೊಡ್ಡ ಕಲ್ಲುಗಳಿಗೆ ಇಂದಿಗೂ ವೈದ್ಯರು ಮೊದಲು ಯೋಚಿಸುವುದು ಇದನ್ನೇ. ರೋಬೋಟ್ ವಿಧಾನದಲ್ಲಿ ಹೊಟ್ಟೆಯ ಕಡೆಯಿಂದ ಹಲವು ಸಣ್ಣ ರಂಧ್ರಗಳ ಮೂಲಕ ಒಳಹೊಕ್ಕು, ಕರುಳನ್ನು ಬದಿಗೆ ಸರಿಸಿ, ಆಲಿಕೆಯಂಥ ಭಾಗವನ್ನು ಕೊಯ್ದು, ಕಲ್ಲನ್ನು ಇಡಿಯಾಗಿ ತೆಗೆದು, ಮತ್ತೆ ಹೊಲಿಯಬೇಕು. ಮೂತ್ರಪಿಂಡದ ಮಾಂಸಭಾಗವನ್ನು ತೂತು ಮಾಡದಿರುವುದರಿಂದ ರಕ್ತಸ್ರಾವದ ಭಯ ಕಡಿಮೆ ಎಂಬುದು ಅದರ ಪರವಾದ ವಾದ, ಅದರಲ್ಲಿ ಹುರುಳಿದೆ. ಆದರೆ ಮೂಲೆಮೂಲೆಯ ಸಂದುಗಳಲ್ಲಿ ಕಲ್ಲು ಹಂಚಿಕೊಂಡಿದ್ದರೆ ಅದು ಅಷ್ಟು ಅನುಕೂಲವಲ್ಲ.

ಹಾಗಾದರೆ ರೋಬೋಟ್ ಯಾರಿಗೆ? ಆಲಿಕೆ ಮತ್ತು ಮೂತ್ರನಾಳ ಕೂಡುವ ಜಾಗವೇ ಕಿರಿದಾಗಿದ್ದು, ಮೂತ್ರ ನಿಂತು ಕಲ್ಲು ಕಟ್ಟಿದವರಿಗೆ. ಅವರಿಗೆ ಕಲ್ಲು ತೆಗೆದು ಆ ಕಿರಿದನ್ನು ಹಾಗೇ ಬಿಟ್ಟರೆ ಕಲ್ಲು ಮತ್ತೆ ಕಟ್ಟಬಹುದು. ಒಂದೇ ಸಲಕ್ಕೆ ಎರಡನ್ನೂ ಸರಿಪಡಿಸಲು ರೋಬೋಟ್ ಒಳ್ಳೆಯ ದಾರಿ. ಇರಬೇಕಾದ ಸ್ಥಾನದಲ್ಲಿ ಇಲ್ಲದ ಮೂತ್ರಪಿಂಡಕ್ಕೂ ಕೆಲವೊಮ್ಮೆ ಅದೇ ಸೂಕ್ತ. ಆದ್ದರಿಂದ ಎರಡನೆಯ ವೈದ್ಯರನ್ನು, "ಇವರಿಗೆ ಮೂತ್ರನಾಳದ ಬಾಯಿ ಕಿರಿದಾಗಿದೆಯೇ, ಅಥವಾ ಕಲ್ಲು ಅಡ್ಡ ಕೂತಿರುವುದಕ್ಕೆ ಮಾತ್ರ ಊತ ಬಂದಿದೆಯೇ?" ಎಂದು ನೇರವಾಗಿ ಕೇಳಿ. ಸ್ಕ್ಯಾನಿನಲ್ಲಿ ಎರಡೂ ಒಂದೇ ರೀತಿ ಕಾಣಬಹುದು, ಹಾಗಾಗಿ ಈ ಪ್ರಶ್ನೆಯನ್ನು ಬಿಡಬೇಡಿ. ಬಣ್ಣದ ಔಷಧ ಕೊಟ್ಟು ತೆಗೆದ ಚಿತ್ರಗಳು ಇದ್ದರೆ ಅವರಿಗೆ ತೋರಿಸಿ.

ಆಗುಂಬೆಮಳೆ

ಮೇಡಂ ಹೇಳಿದ, ಮೂತ್ರನಾಳದ ಬಾಯಿ ಕಿರಿದಾಗಿ ಕಲ್ಲು ಕಟ್ಟಿದವರ ಗುಂಪಿಗೆ ಸೇರಿದವನು ನಾನು. ಮೂತ್ರನಾಳದ ಬಾಯಿಯ ಮೇಲೆ ರಕ್ತನಾಳವೊಂದು ಅಡ್ಡ ಹಾಯ್ದು ಒತ್ತುತ್ತಿತ್ತು. ಒಳಗೆ ಕಡಲೆಕಾಳಿನಷ್ಟು ದಪ್ಪದ, ನುಣುಪಾದ ಐದು ಕಲ್ಲುಗಳಿದ್ದವು. ರೋಬೋಟ್ ಮೂಲಕ ಕಲ್ಲು ತೆಗೆದು, ಕಿರಿದಾದ ಭಾಗವನ್ನು ಕತ್ತರಿಸಿ, ರಕ್ತನಾಳದ ಮುಂಭಾಗಕ್ಕೆ ತಂದು ಜೋಡಿಸಿದರು. ಮೂರನೆಯ ದಿನ ಮನೆಗೆ ಬಂದೆ.

ನನ್ನನ್ನು ನಿಜವಾಗಿ ಕಾಡಿದ್ದು ಗಾಯವಲ್ಲ, ಒಳಗಿಟ್ಟ ಡಿ.ಜೆ. ಸ್ಟೆಂಟ್, ಅಂದರೆ ಮೂತ್ರ ಸರಾಗವಾಗಿ ಇಳಿಯಲೆಂದು ಮೂತ್ರನಾಳದೊಳಗೆ ಕೆಲವು ವಾರ ಇಡುವ ತೆಳು ಕೊಳವೆ. ಮೂತ್ರಕ್ಕೆ ಕೂತಾಗಲೆಲ್ಲ ಸೊಂಟದವರೆಗೆ ಸೆಳೆತ, ಸ್ವಲ್ಪ ನಡೆದರೂ ಮೂತ್ರ ಕೆಂಪಗಾಗುತ್ತಿತ್ತು. ಆರು ವಾರಗಳ ನಂತರ ತೆಗೆದ ದಿನವೇ ಹಗುರವಾಯಿತು. ಯಾವ ವಿಧಾನವಾದರೂ ಸ್ಟೆಂಟ್ ಹಾಕುವ ಸಂಭವವಿದೆ; ಅದನ್ನು ತೆಗೆಸುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ, ಏಕೆಂದರೆ ಮರೆತು ಬಿಟ್ಟ ಸ್ಟೆಂಟಿನ ಮೇಲೆಯೇ ಕಲ್ಲು ಕಟ್ಟುತ್ತದೆ. ತೆಗೆದ ಕಲ್ಲನ್ನು ಪರೀಕ್ಷೆಗೆ ಕಳಿಸುವಂತೆಯೂ ಕೇಳಿ. ಅದು ಕ್ಯಾಲ್ಸಿಯಂ ಆಕ್ಸಲೇಟೋ ಯೂರಿಕ್ ಆಮ್ಲವೋ ಎಂಬುದರ ಮೇಲೆ ಮುಂದಿನ ಔಷಧ, ಪಥ್ಯ ನಿರ್ಧಾರವಾಗುತ್ತದೆ.

ಪಾಲಿಸಿಪುಟ

ಖರ್ಚಿನ ಬಗ್ಗೆ ಎರಡು ಮಾತು. ಆರೋಗ್ಯ ವಿಮೆಯಲ್ಲಿ ರೋಬೋಟ್ ಶಸ್ತ್ರಚಿಕಿತ್ಸೆಯನ್ನು ಪೂರ್ತಿಯಾಗಿ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಕಂಪನಿಗಳು ಅದಕ್ಕೆ ಪ್ರತ್ಯೇಕ ಮಿತಿ ಹಾಕಲು ಅವಕಾಶವಿದೆ, ಆ ಮಿತಿ ಪಾಲಿಸಿ ಪತ್ರದ ಒಳಪುಟಗಳಲ್ಲಿರುತ್ತದೆ. ಮುಂಗಡ ಅನುಮತಿ ಪತ್ರದಲ್ಲಿ ಮೊತ್ತವನ್ನು ಕಣ್ಣಾರೆ ನೋಡಿದ ಮೇಲೆಯೇ ಆಸ್ಪತ್ರೆಗೆ ದಾಖಲಾಗಿ. ವಿಮೆ ಇಲ್ಲದಿದ್ದರೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ-ಯೂರಾಲಜಿ ಸಂಸ್ಥೆಯಲ್ಲೂ ವಿಚಾರಿಸಬಹುದು.

ತುಂಗಾತೀರ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ಎರಡನೆಯ ವೈದ್ಯರನ್ನು ಮತ್ತೆ ಕಂಡು ಅದೇ ಪ್ರಶ್ನೆ ಕೇಳಿದೆವು. ಅವರು ಬೇಸರಪಡದೆ ಚಿತ್ರಗಳನ್ನು ಪರದೆಯ ಮೇಲೆ ಹಾಕಿ, ಕಲ್ಲಿನ ಪಕ್ಕದಿಂದ ಬಣ್ಣದ ಔಷಧ ಮೂತ್ರನಾಳಕ್ಕೆ ಇಳಿದಿರುವುದನ್ನು ತೋರಿಸಿದರು. ಕಿರಿದಾದ ಲಕ್ಷಣವಿಲ್ಲ, ಕಲ್ಲನ್ನು ಇಡಿಯಾಗಿ ತೆಗೆಯಬಹುದೆಂದು ರೋಬೋಟ್ ಸೂಚಿಸಿದ್ದೆ, ಪಿ.ಸಿ.ಎನ್.ಎಲ್. ಮಾಡಿಸಿದರೂ ತಪ್ಪಿಲ್ಲ ಎಂದು ಒಪ್ಪಿದರು. ಆದ್ದರಿಂದ ಮೊದಲ ವೈದ್ಯರಲ್ಲೇ ಪಿ.ಸಿ.ಎನ್.ಎಲ್. ಮಾಡಿಸುವುದೆಂದು ತೀರ್ಮಾನಿಸಿದ್ದೇವೆ.

ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಸೋಂಕು ಕಂಡಿರುವುದರಿಂದ ಒಂದು ವಾರ ಆ್ಯಂಟಿಬಯಾಟಿಕ್ ಕೊಟ್ಟು, ಆಮೇಲೆ ದಿನ ಗೊತ್ತುಮಾಡುತ್ತಾರಂತೆ. ತಂದೆಯವರು ಕೇಳುತ್ತಿರುವುದು ಒಂದೇ: ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಹೊಲಕ್ಕೆ ಹೋಗಬಹುದೇ? ಪಿ.ಸಿ.ಎನ್.ಎಲ್. ಆದ ಮೇಲೆ ಭಾರ ಎತ್ತುವ ಕೆಲಸಕ್ಕೆ ಎಷ್ಟು ದಿನ ಬಿಡುವು ಕೊಡಿಸಬೇಕಾಯಿತೆಂದು ಯಾರಾದರೂ ತಮ್ಮ ಮನೆಯ ಅನುಭವ ಬರೆದರೆ ಅವರಿಗೆ ಓದಿ ಹೇಳುತ್ತೇನೆ.